ಎರ್ಮೆಕ್ ತಂದ ಆಟದ ಪೆಟ್ಟಿಗೆ

ಸರೋವರದ ದಂಡೆಯ ಊರಾದ ಬಾಲಿಕ್ಚಿಯ ಬಂದರು ಬೀದಿಯಲ್ಲಿ ಸಾವಿನ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುವ ಕೆಲಸ ಬಹಳ ವರ್ಷಗಳಿಂದ ಮುಕಾಶನ ಪಾಲಿಗೆ ಬಂದಿತ್ತು. ಯಾರೂ ಅವನನ್ನು ನೇಮಿಸಿರಲಿಲ್ಲ. ಒಮ್ಮೆ ಚೆನ್ನಾಗಿ ಹೇಳಿದವನನ್ನೇ ಜನ ಮತ್ತೆ ಮತ್ತೆ ಕರೆದರು, ಅಷ್ಟೇ. ಇಂಥ ಸುದ್ದಿಯನ್ನು ಅಲ್ಲಿ ಯಾರೂ ನೆಟ್ಟಗೆ ಹೇಳುವುದಿಲ್ಲ. ಹಿರಿಯರು ನಾಲ್ಕು ಜನ ಕೂಡಿ ಹೋಗಿ, ಕುಳಿತು, ಸುತ್ತಿ ಬಳಸಿ ಮಾತಾಡಿ, ಕೇಳುವವನೇ ಮೆಲ್ಲಗೆ ಆ ಮಾತಿನ ಬಳಿಗೆ ಬಂದು ನಿಲ್ಲುವ ಹಾಗೆ ಮಾಡಬೇಕು. ನೆಟ್ಟಗೆ ಹೇಳಿದರೆ ಎದೆ ಒಡೆಯುತ್ತದೆ. ಹೇಳದೆ ಮುಚ್ಚಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ.

ಅದಕ್ಕಾಗಿ ಮುಕಾಶ್ ತನ್ನದೇ ಒಂದು ಮಾತು ಕಟ್ಟಿಕೊಂಡಿದ್ದ. "ಒಬ್ಬ ಒಡೆಯ ತನ್ನ ಕುದುರೆಮರಿನ ಮೇಯಿಸೋಕೆ ಅಂತ ಒಬ್ಬನ ಹತ್ತಿರ ಬಿಟ್ಟ. ಮೇಯಿಸಿದವ ಅದನ್ನ ತನ್ನದೇ ಅನ್ನೋ ಹಾಗೆ ನೋಡ್ಕೊಂಡ. ಈಗ ಒಡೆಯ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಮರಿ ಕೊಡು ಅಂತಾನೆ. ಹಗ್ಗ ಬಿಡಬೇಕೋ, ಹಿಡ್ಕೋಬೇಕೋ? ನೀವೇ ಹೇಳಿ." ಇಷ್ಟು ಹೇಳಿ ಅವನು ಸುಮ್ಮನಾಗುತ್ತಿದ್ದ. ಕೇಳಿದವರು ಮೊದಲು ಅವನ ಮುಖ ನೋಡುತ್ತಿದ್ದರು, ಆಮೇಲೆ ಗೋಡೆ ನೋಡುತ್ತಿದ್ದರು, ಕೊನೆಗೆ "ಬಿಡಬೇಕು" ಅನ್ನುತ್ತಿದ್ದರು. ಆ ಒಂದು ಮಾತು ಅವರ ಬಾಯಿಂದಲೇ ಹೊರಡಬೇಕು. ಹೊರಟ ಮೇಲೆ ಹೆಸರು ಹೇಳಿದರೆ ಸಾಕು.

ಫೆಬ್ರವರಿ ಕೊನೆಯ ಒಂದು ಬೆಳಗ್ಗೆ ಮುಕಾಶ್ ನಮಾಜು ಮುಗಿಸಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ. ಗೇಟಿನ ಸದ್ದಾಯಿತು. ಬೀದಿಯ ನಾಲ್ಕು ಮಂದಿ ಮುದುಕರು, ಅವರ ಹಿಂದೆ ಇಬ್ಬರು ಹೆಂಗಸರು ಹಿಮ ಕೊಡವಿಕೊಳ್ಳುತ್ತ ಒಳಗೆ ಬಂದರು. ಅವರ ಮುಖ ನೋಡಿದ ಕೂಡಲೇ ಮುಕಾಶನಿಗೆ ಕೆಲಸ ಯಾವುದೆಂದು ಗೊತ್ತಾಯಿತು. ಮೊಳೆಯಲ್ಲಿದ್ದ ಕೋಟಿಗೆ ಕೈ ಹಾಕಿ, "ಯಾರ ಮನೆಗೆ?" ಎಂದು ಕೇಳಿದ.

ಯಾರೂ ಬಾಗಿಲ ಕಡೆ ತಿರುಗಲಿಲ್ಲ.

"ಕೂತ್ಕೋ ಮುಕಾಶ್," ಎಂದ ಎಲ್ಲರಿಗಿಂತ ಹಿರಿಯವನಾದ ಸಗಿನ್. ಮುಕಾಶ್ ಕೋಟನ್ನು ಅರ್ಧ ತೊಟ್ಟವನು ಹಾಗೆಯೇ ಕುಳಿತ. ಸಗಿನ್ ಗಂಟಲು ಸರಿಮಾಡಿಕೊಂಡು, "ಒಬ್ಬ ಒಡೆಯ ತನ್ನ ಕುದುರೆಮರಿನ…" ಎಂದು ಶುರುಮಾಡಿದ.

ಪಾಪ, ಆ ಮುದುಕನಿಗೆ ಬೇರೆ ಮಾತು ತೋಚಿರಲಿಲ್ಲ. ಮುಕಾಶನ ಮಾತನ್ನೇ ಹೊತ್ತು ಮುಕಾಶನ ಮನೆಗೆ ತಂದಿದ್ದ. ನಡುವೆ ಒಂದು ಕಡೆ ಮರೆತು ತಡವರಿಸಿದಾಗ ಮುಂದಿನ ಮಾತಿಗೆ ಮುಕಾಶನ ತುಟಿ ತಾನಾಗಿ ಅಲ್ಲಾಡಿತು. ಆದರೂ ಅವನು ತಡೆಯಲಿಲ್ಲ. ಮಾತು ಮುಗಿಯುವ ತನಕ ಮಗ ಎರ್ಮೆಕ್ ಇನ್ನೂ ಇದ್ದಾನೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಚಹಾ ಬಸಿಯುತ್ತಿದ್ದ ಅವನ ಹೆಂಡತಿ ಸಾದತ್ ಆ ಮಾತನ್ನು ಗಂಡನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು. ಅವಳು ಬಟ್ಟಲನ್ನು ಚೆಲ್ಲಲಿಲ್ಲ, ಜೋಪಾನವಾಗಿ ಕೆಳಗಿಟ್ಟು, "ಎಲ್ಲಿ?" ಎಂದಳು.

"ದೋಲೋನ್ ಘಟ್ಟದಲ್ಲಿ," ಎಂದಳು ಬಂದ ಹೆಂಗಸರಲ್ಲಿ ಒಬ್ಬಳು, ಅವಳ ಭುಜ ಹಿಡಿದು.

"ಬಿಡಬೇಕು," ಎಂದ ಮುಕಾಶ್.

ಎರ್ಮೆಕ್ ಅವರಿಗೆ ಉಳಿದಿದ್ದ ಒಬ್ಬನೇ ಮಗ. ಗಡಿಯಿಂದ ಸರಕು ತರುವ ಲಾರಿ ಓಡಿಸುತ್ತಿದ್ದ. ಮದುವೆಯೊಂದು ಆಗಿ ಮುರಿದಿತ್ತು, ಮಕ್ಕಳಿರಲಿಲ್ಲ. ಒಂದು ಸುತ್ತು ಮುಗಿದರೆ ತಾಯಿಯ ಮನೆಗೇ ಬಂದು ಮಲಗುವವನು. ಘಟ್ಟದ ತಿರುವಿನಲ್ಲಿ ಮಂಜುಗಡ್ಡೆಯ ಮೇಲೆ ಲಾರಿ ಜಾರಿತ್ತು. ಜೊತೆಯ ಚಾಲಕ ಕುಬಾನ್ ಆ ದಿನ ಜ್ವರ ಬಂದು ಘಟ್ಟದ ಕೆಳಗಿನ ನಾರಿನ್ ಊರಿನಲ್ಲಿ ಉಳಿದಿದ್ದರಿಂದ ಬದುಕಿಕೊಂಡ.

ಅಂಗಳದಲ್ಲಿ ಉಣ್ಣೆಯ ಗುಡಾರ ಎತ್ತಿದರು. ಗಂಡಸರು ಹೊರಗೆ ಕೋಲು ಊರಿ ನಿಂತರು. ಒಳಗೆ ಹೆಂಗಸರು ಬಂದವರಿಗೆ ಬೆನ್ನು ಹಾಕಿ, ಗುಡಾರದ ಗೋಡೆಗೆ ಮುಖ ಮಾಡಿ ಕುಳಿತು ಶೋಕದ ಹಾಡು ಹಿಡಿದರು. ಸಾದತಳ ಹಾಡೆಂದರೆ ಬೀದಿಗೆಲ್ಲ ಗೊತ್ತು. ಬೇರೆಯವರ ಮನೆಯ ಸಾವಿಗೂ ಅವಳನ್ನು ಕರೆಯುತ್ತಿದ್ದರು. ಹೋದವನು ಹುಟ್ಟಿದಂದಿನಿಂದ ಹಿಡಿದು ಏನೇನು ಮಾಡಿದ, ಏನು ತಿಂದ, ಹೇಗೆ ನಕ್ಕ ಎಂಬುದನ್ನೆಲ್ಲ ಅವಳು ಒಂದೊಂದಾಗಿ ಎತ್ತಿ ಹಾಡಿದರೆ, ಅಳು ಬರದ ದೂರದ ನೆಂಟರಿಗೂ ಅಳು ಬರುತ್ತಿತ್ತು. ತನ್ನ ಮಗನ ಹಾಡನ್ನು ಅವಳು ತೊಟ್ಟಿಲಿನಿಂದ ಶುರುಮಾಡಿದಳು. ಎರಡು ದಿನ ಹಾಡಿದರೂ ಹುಡುಗ ಇನ್ನೂ ಶಾಲೆಗೆ ಹೋಗುವಷ್ಟು ದೊಡ್ಡವನಾಗಿರಲಿಲ್ಲ.

ಮೂರನೆಯ ದಿನ ಬೀದಿಯ ಇಮಾಮ್ ಇಲಿಯಾಸ್ ಮುಕಾಶನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಒಂದು ಮಾತು ಹೇಳಿದ. ಚಿಕ್ಕ ವಯಸ್ಸಿನವನು, ಒಳ್ಳೆಯವನು. ಗಟ್ಟಿಯಾಗಿ ಹಾಡಿ ಅಳುವುದು ಹೋದ ಜೀವಕ್ಕೆ ಹಿಂಸೆ ಎಂದು ತಾನು ಓದಿದ್ದನ್ನು ಹೇಳಿದ, ಅಷ್ಟೇ. ಮಗನಿಗೆ ಹಿಂಸೆ ಎಂಬ ಮಾತು ಮುಕಾಶನ ಕಿವಿಗೆ ಬಿದ್ದದ್ದೇ ತಡ, ಎದ್ದು ಹೋಗಿ ಗುಡಾರದ ಹೊರಗೆ ನಿಂತು, ಎಲ್ಲರೂ ಕೇಳುವ ಹಾಗೆ, "ಸಾಕು ಬೈಬಿಚೆ. ನಿಲ್ಲಿಸು," ಎಂದ. ವಯಸ್ಸಾದ ಹೆಂಡತಿಯನ್ನು ಮರ್ಯಾದೆಯಿಂದ ಕರೆಯುವ ಆ ಹೆಸರಿನಿಂದಲೇ ಕರೆದ. ಒಳಗೆ ಹಾಡು ಸಾಲಿನ ನಡುವೆಯೇ ನಿಂತಿತು.

ಬಂದವರು ಮುಕಾಶನ ಗಟ್ಟಿತನವನ್ನು ಹೊಗಳಿದರು. ಮೊದಲ ವಾರ ಅವನೂ ಸಾದತ್ ತಾಳ್ಮೆ ತಂದುಕೊಂಡಿದ್ದಾಳೆ ಎಂದುಕೊಂಡ. ಎರಡನೆಯ ವಾರ ಅವನಿಗೆ ತಿಳಿಯಿತು: ಅವಳು ಹಾಡನ್ನು ಮಾತ್ರ ನಿಲ್ಲಿಸಿರಲಿಲ್ಲ, ಮಾತನ್ನೇ ನಿಲ್ಲಿಸಿದ್ದಳು. ಕೋಪವಿರಲಿಲ್ಲ. ಕಾಲಕ್ಕೆ ಸರಿಯಾಗಿ ಚಹಾ ಇಡುತ್ತಿದ್ದಳು, ಅವನ ಪಾದರಕ್ಷೆಯನ್ನು ಒಲೆಯ ಬಳಿ ಒಣಗಿಸುತ್ತಿದ್ದಳು. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದಳು. ಮುಕಾಶ್ ಬೇಕೆಂದೇ, ಉಪ್ಪಿನ ಬಟ್ಟಲು ಮುಂದೆಯೇ ಇದ್ದರೂ, "ಉಪ್ಪು ಎಲ್ಲಿದೆ?" ಎಂದು ಕೇಳುತ್ತಿದ್ದ. ಅವಳು ಬಟ್ಟಲನ್ನು ಬೆರಳ ತುದಿಯಿಂದ ಅವನ ಕಡೆಗೆ ಇನ್ನಷ್ಟು ತಳ್ಳುತ್ತಿದ್ದಳು.

"ಹರಿಯೋ ಕೊಳಾಯಿಗೆ ಬೆಣೆ ಹೊಡೆದುಬಿಟ್ರಿ, ಭಾವ," ಎಂದಿದ್ದಳು ಅವನ ತಮ್ಮನ ವಿಧವೆ ಬುರುಲ್. ಅವಳ ನಾಲಗೆಗೆ ಬೀದಿಯೇ ಹೆದರುತ್ತಿತ್ತು. "ಈಗ ಹನಿ ಬರ್ತಿಲ್ಲ ಅಂತ ಬಾಯಿ ಒಡ್ಕೊಂಡು ಕೂತಿದ್ದೀರಿ."

ಐದು ಹೊತ್ತಿನ ನಮಾಜಿನ ಕೊನೆಗೆ ಮಗನಿಗಾಗಿ ಬೇಡಿಕೊಂಡ ಮೇಲೆ ಮುಕಾಶ್ ಇನ್ನೊಂದನ್ನೂ ಬೇಡುತ್ತಿದ್ದ: ಸಾವಿನ ನಲವತ್ತರ ದಿನ ಬರುವುದರೊಳಗೆ ಈ ಹೆಂಗಸಿನ ಬಾಯಿಂದ ಒಂದು ಮಾತು ಕೇಳಿಸು. ಆ ದಿನ ಕಳೆದರೆ ಗುಡಾರ ಇಳಿಯುತ್ತದೆ, ನೆಂಟರು ಚದುರುತ್ತಾರೆ, ಮನೆಯಲ್ಲಿ ಇಬ್ಬರೇ. ಹೀಗೇ ಉಳಿದರೆ ಮಗನನ್ನು ಮಣ್ಣಿಗೆ ಕೊಟ್ಟಂತೆ ಅವಳನ್ನೂ ಕೊಟ್ಟ ಹಾಗೆಯೇ ಎಂದು ಅವನಿಗೆ ಭಯವಿತ್ತು.

ನಲವತ್ತಕ್ಕೆ ಇನ್ನು ಕೆಲವೇ ದಿನ ಇರುವಾಗ, ಒಂದು ಗುರುವಾರ ಮಧ್ಯಾಹ್ನ, ಕುಬಾನ್ ಬಂದ. ಲಾರಿಯಲ್ಲಿ ಸಿಕ್ಕಿದ ಎರ್ಮೆಕನ ಸಾಮಾನುಗಳನ್ನು ಒಂದು ಚೀಲದಲ್ಲಿ ತುಂಬಿ ತಂದಿದ್ದ. ಪಡಸಾಲೆಯ ಒಂದು ಕೊನೆಯಲ್ಲಿ ಬುರುಲ್ ಬಾಣಲೆಯಲ್ಲಿ ಬೋರ್ಸೋಕ್ ಕರಿಯುತ್ತಿದ್ದಳು; ಸಾದತ್ ಹಿಟ್ಟು ಲಟ್ಟಿಸಿ ತುಂಡು ಮಾಡಿ ಕೊಡುತ್ತಿದ್ದಳು. ಗುರುವಾರ ಎಣ್ಣೆ ಕಾಯಬೇಕು. ಆ ವಾಸನೆ ಹೋದವರಿಗೆ ಮುಟ್ಟುತ್ತದೆ.

ಕುಬಾನ್ ಒಂದೊಂದೇ ತೆಗೆದಿಟ್ಟ. ಚಹಾದ ಫ್ಲಾಸ್ಕು. ಮೊಣಕೈ ಸವೆದ ಸ್ವೆಟರ್. ಬೂಟು. ಕೊನೆಗೆ ಮೂಲೆ ನಜ್ಜಾದ ಒಂದು ರಟ್ಟಿನ ಪೆಟ್ಟಿಗೆ, ಮೇಲೆ ಬಣ್ಣ ಬಣ್ಣದ ಚಿತ್ರ.

"ಇದೇನು?" ಎಂದ ಮುಕಾಶ್.

"ವಿಡಿಯೋ ಗೇಮ್, ಅತಾ," ಎಂದ ಕುಬಾನ್, ಗೆಳೆಯನ ಅಪ್ಪನನ್ನು ತನ್ನ ಅಪ್ಪನಂತೆಯೇ ಕರೆದು. "ನಾವು ಚಿಕ್ಕವರಿದ್ದಾಗ ಇತ್ತಲ್ಲ, ಅದೇ ಥರದ್ದು ಈಗ ಹೊಸದಾಗಿ ಮಾಡಿ ಮಾರ್ತಾರೆ. ಟಿವಿಗೆ ಸಿಗಿಸಿದ್ರೆ ಆಯ್ತು, ಆಟ ಎಲ್ಲ ಒಳಗೇ ಇರ್ತಾವೆ. ಗಡಿಯಲ್ಲಿ ಒಬ್ಬ ಚೀನಾ ಲಾರಿಯವನ ಹತ್ತಿರ ತಗೊಂಡ. ಸೀಟಿನ ಹಿಂದೆ ಕಂಬಳಿ ಸುತ್ತಿ ಇಟ್ಟಿದ್ದ."

"ಯಾರಿಗೆ?"

"ಹೇಳಲಿಲ್ಲ. ಬಾಲಿಕ್ಚಿಯಲ್ಲಿ ಒಬ್ಬರಿದ್ದಾರೆ, ಭಾರಿ ಆಟಗಾರರು, ಅವರ ಜೊತೆ ಒಂದು ಲೆವೆಲ್ ಬಾಕಿ ಉಳಿದಿದೆ ಅಂದ. ಯಾರು ಅಂದ್ರೆ ನಕ್ಕು ಸುಮ್ಮನಾದ."

ಮುಕಾಶ್ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡ. ಮಗ ಭೂಮಿಯ ಮೇಲೆ ಕೊನೆಯದಾಗಿ ಕೊಂಡ ವಸ್ತು ಒಂದು ಆಟಿಕೆ. ನಾಳೆ ದೇವರ ಮುಂದೆ ಅವನನ್ನು ಕೇಳುವವರು ಕೇಳಿದಾಗ ಏನು ಹೇಳುತ್ತಾನೆ? ಯಾರಿಗೆಂದು ಗೊತ್ತಿದ್ದರೆ ಅವರಿಗೇ ಕೊಡಬಹುದಿತ್ತು. ಗೊತ್ತಿಲ್ಲದ ಮೇಲೆ ನಲವತ್ತರ ದಿನ ಬಟ್ಟೆಬರೆಯ ಜೊತೆ ಇದನ್ನೂ ಅವನ ಹೆಸರಿನಲ್ಲಿ ದಾನ ಕೊಡಬೇಕು. ರೈಲು ನಿಲ್ದಾಣದ ಹಿಂದೆ ಅನಾಥ ಮಕ್ಕಳ ಮನೆಯೊಂದಿತ್ತು.

"ಕೊಡೋಕೆ ಮುಂಚೆ ನೋಡಬೇಕು," ಎಂದ. "ಲಾರಿ ಉರುಳಿದೆ. ಒಳಗೆ ಒಡೆದಿದ್ರೆ? ಕುಂಟು ಕುರಿನ ಯಾರಾದ್ರೂ ದೇವರ ಹೆಸರಲ್ಲಿ ಕೊಡ್ತಾರಾ? ಕೆಟ್ಟ ವಸ್ತು ಕೊಟ್ರೆ ಹೋದವನ ಹೆಗಲಿಗೇ ಭಾರ."

"ಅಂದ್ರೆ ಭಾವ ಆಟ ಆಡ್ತಾರೆ," ಎಂದಳು ಬುರುಲ್, ಜಾಲರಿ ಸೌಟು ಎತ್ತಿ ಹಿಡಿದು. "ಪುಣ್ಯಕ್ಕಾಗಿ."

"ಆಡಲ್ಲ. ಪರೀಕ್ಷೆ ಮಾಡ್ತೀನಿ."

"ಮಾಡಿ, ಮಾಡಿ. ನಾನು ಯಾರಿಗೂ ಹೇಳಲ್ಲ. ಬೀದಿಯವರಿಗೆ ಮಾತ್ರ ಹೇಳ್ತೀನಿ."

ಕುಬಾನ್ ಪೆಟ್ಟಿಗೆ ಬಿಚ್ಚಿದ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಬೂದು ಬಣ್ಣದ ಡಬ್ಬಿ, ಎರಡು ಜಾಯ್‌ಸ್ಟಿಕ್, ತುದಿಯಲ್ಲಿ ಹಳದಿ, ಕೆಂಪು, ಬಿಳಿ ಪಿನ್ನುಗಳಿದ್ದ ತಂತಿ. ಎತ್ತಿ ಅಲ್ಲಾಡಿಸಿದರೆ ಒಳಗೆ ಏನೂ ಗಲಗಲ ಎನ್ನಲಿಲ್ಲ. ಟಿವಿಯನ್ನು ಎರ್ಮೆಕನೇ ಎರಡು ವರ್ಷದ ಹಿಂದೆ ಕೊಡಿಸಿದ್ದು, ಗೋಡೆಯಂತೆ ಚಪ್ಪಟೆ. ಕುಬಾನ್ ಅದರ ಹಿಂದೆ ತಲೆ ತೂರಿಸಿ ಬಹಳ ಹೊತ್ತು ತಡಕಾಡಿದ.

"ಹಳದಿ ತೂತೇ ಇಲ್ವಲ್ಲ ಅತಾ ಇದರಲ್ಲಿ. ಕೆಂಪಿದೆ, ನೀಲಿ ಇದೆ, ಹಸಿರಿದೆ."

"ಕೊಟ್ಟವನು ಬಣ್ಣ ನೋಡಿ ಕೊಡಬಾರದಿತ್ತಾ?"

"ಚೀನಾದವನಿಗೆ ನಿಮ್ಮ ಟಿವಿ ಹೇಗೆ ಗೊತ್ತು?"

ಹಳದಿಯನ್ನು ನೀಲಿಗೆ ಹಾಕಿದ, ಏನೂ ಬರಲಿಲ್ಲ. ಕೆಂಪಿಗೆ ಹಾಕಿದ, ಒಂದು ಗುರ್ ಎಂಬ ಸದ್ದು ಮಾತ್ರ ಬಂತು. ಕೊನೆಗೆ ಹಸಿರಿಗೆ ಸಿಗಿಸಿದಾಗ ಪರದೆ ಬೆಳಗಿ, ತೆಳ್ಳನೆಯ ಪೀಪಿಯಂಥ ಸಂಗೀತ ಮನೆ ತುಂಬಿತು. ಲಟ್ಟಣಿಗೆ ಹಿಡಿದಿದ್ದ ಸಾದತಳ ಕೈ ಒಂದು ಗಳಿಗೆ ನಿಂತು ಮತ್ತೆ ಓಡಿತು. ಅದನ್ನು ಬುರುಲ್ ಒಬ್ಬಳೇ ನೋಡಿದಳು.

ಪರದೆಯ ಮೇಲೆ ಆಟಗಳ ಹೆಸರು ಸಾಲುಗಟ್ಟಿ ಬಂದವು. ಪೆಟ್ಟಿಗೆಯ ಮೇಲೆ ಸಾವಿರಾರು ಎಂದು ಬರೆದಿತ್ತು. ಕುಬಾನ್ ಒಂದೊಂದನ್ನು ತೆರೆದು ನೋಡುತ್ತ ಹೋದ. ಹತ್ತು ಹೆಸರಿನ ಕೆಳಗೆ ಅದೇ ಜಿಗಿಯುವ ಮನುಷ್ಯ, ಮುಂದಿನ ಹತ್ತರ ಕೆಳಗೆ ಅದೇ ಬೀಳುವ ಇಟ್ಟಿಗೆ.

"ಹೆಸರು ಬದಲಿಸ್ಕೊಂಡು ಅವರೇ ಮತ್ತೆ ಮತ್ತೆ ಬರ್ತಾರೆ," ಎಂದಳು ಬುರುಲ್. "ನಮ್ಮ ಚುನಾವಣೆ ಥರ."

ಟ್ಯಾಂಕುಗಳ ಆಟ ಬಂದಾಗ ಕುಬಾನನ ಮುಖ ಅರಳಿತು. ಇಟ್ಟಿಗೆಯ ಸಂದಿಗೊಂದಿ, ಕೆಳಗಡೆ ನಡುವೆ ಗೋಡೆ ಕಟ್ಟಿದ ಒಂದು ಪುಟ್ಟ ಮನೆ, ಅದನ್ನು ಶತ್ರು ಒಡೆಯದಂತೆ ಕಾಯಬೇಕು. ಇಬ್ಬರು ಕೂಡಿ ಆಡಬಹುದು, ಒಬ್ಬನಿಗೆ ಹಳದಿ ಟ್ಯಾಂಕು, ಇನ್ನೊಬ್ಬನಿಗೆ ಹಸಿರು. ಮುಕಾಶನ ಕೈಗೆ ಮೊದಲ ಜಾಯ್‌ಸ್ಟಿಕ್ ಕೊಟ್ಟ. ಬಂದರಿನಲ್ಲಿ ಕ್ರೇನ್ ಓಡಿಸಿದ ಕೈ ಅದು. ಕ್ರೇನಿನ ಹಿಡಿ ಹಿಡಿದಂತೆ ಇಡೀ ಮುಷ್ಟಿಯಲ್ಲಿ ಹಿಡಿದು ಅದುಮಿದ. ಹಳದಿ ಟ್ಯಾಂಕು ತಿರುಗಿ ತನ್ನ ಮನೆಗೇ ಗುಂಡು ಹಾರಿಸಿತು. ಆಟ ಮುಗಿಯಿತು.

"ಅತಾ, ಅದು ನಮ್ಮದೇ ಮನೆ."

"ಹಾಗಂತ ಮೊದಲೇ ಹೇಳಬೇಕು."

"ಇದನ್ನ ನಾವು ಮೊದಲೇ ನೋಡಿದ್ದೀವಿ," ಎಂದಳು ಬುರುಲ್, ಎಣ್ಣೆಯ ಕಡೆ ನೋಡುತ್ತ. "ಗುಡಾರದ ಹೊರಗೆ ನಿಂತು ಒಂದು ಸಲ ಹಾರಿಸಿದ್ರಲ್ಲ."

ಮುಕಾಶ್ ತಲೆ ತಗ್ಗಿಸಿದ. ಬುರುಲ್ ನಾಲಗೆ ಕಚ್ಚಿಕೊಂಡು ಒಲೆಯ ಕಡೆ ತಿರುಗಿದಳು. ಅಷ್ಟರಲ್ಲಿ ಪರದೆ ಮಿಣಿಮಿಣಿ ಎಂದಿತು. ಹಸಿರು ತೂತಿನಲ್ಲಿ ಪಿನ್ನು ಸಡಿಲ. ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಕುಬಾನ್ ಟಿವಿಯ ಹಿಂದೆ ನುಗ್ಗಿ ಒತ್ತಿ ಹಿಡಿದ.

"ಎರಡನೇ ಜಾಯ್‌ಸ್ಟಿಕ್ ಇನ್ನೂ ನೋಡಿಲ್ಲ," ಎಂದಿತು ಹಿಂದಿನಿಂದ ಅವನ ದನಿ. "ಯಾರಾದ್ರೂ ಹಿಡ್ಕೊಳ್ಳಿ."

ಬುರುಲಳ ಕೈ ಎಣ್ಣೆಯಾಗಿತ್ತು. ಮುಕಾಶ್ ಹೆಂಡತಿಯ ಕಡೆ ತಿರುಗಿ, ಉಪ್ಪು ಕೇಳುವ ದನಿಯಲ್ಲೇ ಹೇಳಿದ. "ಬೈಬಿಚೆ, ಸ್ವಲ್ಪ ಬಂದು ಹಿಡ್ಕೋ. ಬಟನ್ ಕೆಲಸ ಮಾಡುತ್ತಾ ನೋಡಬೇಕು. ನಿಂಗೆ ಏನೂ ಗೊತ್ತಿರಬೇಕಾಗಿಲ್ಲ, ಸುಮ್ಮನೆ ಒತ್ತು."

ಸಾದತ್ ಹಿಟ್ಟಿನ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡಳು. ಬಂದು ಗಂಡನ ಪಕ್ಕದಲ್ಲಿ ಕಂಬಳಿಯ ಮೇಲೆ, ಎಡಗಾಲು ಮಡಚಿ ಬಲ ಮೊಣಕಾಲು ಎತ್ತಿ ಕುಳಿತಳು. ಜಾಯ್‌ಸ್ಟಿಕ್ಕನ್ನು ಮುಷ್ಟಿಯಲ್ಲಿ ಹಿಡಿಯಲಿಲ್ಲ. ಎರಡು ಹೆಬ್ಬೆರಳನ್ನು ಮೇಲೆ ಇಟ್ಟು, ಉಳಿದ ಬೆರಳುಗಳ ಮೇಲೆ ಅದನ್ನು ಹಕ್ಕಿಮರಿಯಂತೆ ಕೂರಿಸಿಕೊಂಡಳು.

ಆಟ ಶುರುವಾಯಿತು. ಮೊದಲ ಸಲ ಹಸಿರು ಟ್ಯಾಂಕು ಒಂದು ಗೋಡೆಗೆ ಬಡಿಯಿತು. ಈ ಹೊಸ ಟಿವಿಯಲ್ಲಿ ಒತ್ತಿದ್ದು ಒಂದು ಉಸಿರು ತಡವಾಗಿ ನಡೆಯುತ್ತಿತ್ತು. ಸಾದತಳ ಹುಬ್ಬು ಗಂಟಾಯಿತು. ಆಮೇಲೆ ಅವಳು ಆ ತಡವನ್ನು ಲೆಕ್ಕಕ್ಕೆ ಹಿಡಿದು ಒಂದು ಉಸಿರು ಮೊದಲೇ ಒತ್ತತೊಡಗಿದಳು. ಹಸಿರು ಟ್ಯಾಂಕು ಸಂದಿಯಿಂದ ಸಂದಿಗೆ ಹರಿಯಿತು. ಎಡಕ್ಕೆ ಒಂದು, ಮೇಲಕ್ಕೆ ಒಂದು. ಯಾವ ಮೂಲೆಯಿಂದ ಶತ್ರು ಹೊರಡುತ್ತದೆ ಎಂದು ಅದಕ್ಕೆ ಮೊದಲೇ ಗೊತ್ತಿದ್ದ ಹಾಗಿತ್ತು. ಹಳದಿ ಟ್ಯಾಂಕು ದಾರಿಗೆ ಅಡ್ಡ ಬಂದಾಗ ಅದನ್ನು ಮೆಲ್ಲಗೆ ಒತ್ತಿ ಒತ್ತಿ ಕೆಳಗೆ, ಮನೆಯ ಹತ್ತಿರ, ಗುಂಡು ತಾಗದ ಜಾಗಕ್ಕೆ ತಂದು ನಿಲ್ಲಿಸಿತು. ಚಿಕ್ಕ ಮಗುವನ್ನು ಒಲೆಯ ಬಳಿಯಿಂದ ದೂರ ಕೂರಿಸಿದಂತೆ. ಮುಕಾಶ್ ಒತ್ತುವುದನ್ನು ಬಿಟ್ಟು ಅವಳ ಹೆಬ್ಬೆರಳುಗಳನ್ನೇ ನೋಡುತ್ತಿದ್ದ. ಇಷ್ಟು ವರ್ಷ ಆ ಕೈ ಬಡಿಸಿದ್ದನ್ನು ಉಂಡಿದ್ದ. ಅದು ಇದನ್ನು ಬಲ್ಲದು ಎಂದು ಅವನಿಗೆ ಗೊತ್ತಿರಲಿಲ್ಲ.

"ಏನಾಗ್ತಿದೆ ಅತಾ? ನಂಗೆ ಏನೂ ಕಾಣ್ತಿಲ್ಲ."

"ಗೆಲ್ತಿದ್ದಾಳೆ," ಎಂದ ಮುಕಾಶ್.

"ಯಾರು, ಆಪಾ?" ಎಂದ ಕುಬಾನ್ ಟಿವಿಯ ಹಿಂದಿನಿಂದ; ಎರ್ಮೆಕ್ ತಾಯಿಯನ್ನು ಕರೆಯುತ್ತಿದ್ದುದೂ ಹಾಗೆಯೇ. ಆಮೇಲೆ, ತಡವಾಗಿ, "ಓ," ಎಂದ.

ಎರಡನೆಯ ಲೆವೆಲ್ ಮುಗಿಯಿತು, ಮೂರನೆಯದು ಬಂತು. ಹೊರಗೆ ಪಶ್ಚಿಮದ ಗಾಳಿ ಎದ್ದಿತ್ತು. ಆ ಊರಿನಲ್ಲಿ ಅದಕ್ಕೆ ಉಲಾನ್ ಎಂದು ಹೆಸರು; ಅದು ಎದ್ದರೆ ಸರೋವರ ಕಪ್ಪಾಗುತ್ತದೆ, ಬೀದಿಯ ತಂತಿಗಳು ಒಂದಕ್ಕೊಂದು ಹೊಡೆದುಕೊಳ್ಳುತ್ತವೆ. ಪರದೆಯ ಮೇಲೆ ಕೊನೆಯ ಶತ್ರು ಒಂದೇ ಉಳಿದಿತ್ತು. ಸಾದತ್ ಮುಂದಕ್ಕೆ ಬಾಗಿದಳು.

ಪಟ್ ಎಂದು ಪರದೆ ಕಪ್ಪಾಯಿತು. ಫ್ರಿಜ್ಜಿನ ಗುಂಯ್ಗುಡುವಿಕೆ ನಿಂತಿತು. ಸಂಗೀತ ನಿಂತಿತು. ಎಣ್ಣೆ ಕಾಯುವ ಸದ್ದೊಂದು ಉಳಿಯಿತು.

ಸಾದತ್ ಇನ್ನೂ ಎರಡು ಸಲ ಬಟನ್ ಒತ್ತಿದಳು. ಮತ್ತೆ, ಪಕ್ಕದಲ್ಲಿದ್ದವನ ಕಡೆ ತಿರುಗದೆ, ಕಪ್ಪು ಪರದೆಯನ್ನೇ ನೋಡುತ್ತ ಹೇಳಿದಳು.

"ಹೋಯ್ತಲ್ಲೋ ಎರ್ಮೆಕ್. ಕರೆಂಟು ಹೋಯ್ತು."

ಬುರುಲಳ ಸೌಟು ಬಾಣಲೆಯ ಅಂಚಿನಲ್ಲಿ ನಿಂತಿತು. ಸಾದತ್ ತಾನು ಆಡಿದ ಮಾತನ್ನು ತಾನೇ ಕೇಳಿಸಿಕೊಂಡಳು. ಅವಳ ಭುಜ ಒಮ್ಮೆ ಮೇಲೆದ್ದು ಇಳಿಯಿತು. ಕುಳಿತಲ್ಲೇ ಮೆಲ್ಲಗೆ ತಿರುಗಿ, ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿದಳು. ಜಾಯ್‌ಸ್ಟಿಕ್ ಕೈಯಲ್ಲೇ ಇತ್ತು. ಅಂದು ಸಾಲಿನ ನಡುವೆ ಕಡಿದುಹೋಗಿದ್ದ ಹಾಡು ಕಡಿದ ಜಾಗದಿಂದಲೇ ಹೊರಟಿತು.

ಅಪ್ಪ ಸರೋವರದಲಿ ಬಲೆ ಬೀಸೋ ಚಳಿಗಾಲ
ಮನೆಯೊಳಗೆ ನಾವಿಬ್ಬರೇ, ನನ ಮರಿಯೇ,
ಹೊಗೆ ಮೀನು ಕೊಟ್ಟೆ ರೈಲಿನ ಪಯಣಿಗನಿಗೆ
ಆಟವ ತಂದೆ ನಿನ್ನ ಕೈಗೆ.

ಹಳದಿಯ ಬಂಡಿ ನಿನದು, ಹಸಿರಿನದು ನನದು,
ಬೆನ್ನಿಗೆ ಬೆನ್ನಾಗಿ ಕಾಯ್ದೆವು, ನನ ಮರಿಯೇ,
ದೀಪ ಹೋದಾಗೆಲ್ಲ ನಗುತಿದ್ದೆ ನೀನು,
ಸೋತಿಲ್ಲ ಆಪಾ, ಕರೆಂಟು ಹೋಯ್ತು.

ಹಿಟ್ಟಿನ ಮಡಕೆ ಬರಿದಾದ ಬೆಳಗಿನಲಿ
ಆಟವ ಹೊತ್ತೆ ಸಂತೆಗೆ, ನನ ಮರಿಯೇ,
ಅಳಲಿಲ್ಲ ನೀನು, ಬಿಸಿ ರೊಟ್ಟಿ ಮುರಿದು
ಮೊದಲ ತುತ್ತು ನನಗಿತ್ತೆ.

ಘಟ್ಟದ ತಿರುವಲ್ಲಿ ಯಾರಿದ್ದರು ನಿನ್ನ
ಬೆನ್ನ ಕಾಯುವುದಕೆ, ನನ ಮರಿಯೇ,
ಕೊಂಡ ಆಟ ಬಂತು, ಕೊಂಡವನು ಬರಲಿಲ್ಲ,
ಜೊತೆಯಾಟಕೆ ಯಾರ ಕರೆಯಲಿ?

ಮುಕಾಶ್ ಕೇಳುತ್ತ ಕುಳಿತಿದ್ದ. ಬಂದರು ಮುಚ್ಚಿದ ಮೇಲೆ ಮೀನಿಗೆ ಹೋಗುತ್ತಿದ್ದ ಆ ಚಳಿಗಾಲಗಳು ಅವನಿಗೆ ನೆನಪಿದ್ದವು. ಬೆರಳು ಮರಗಟ್ಟಿ ಮನೆಗೆ ಬಂದರೆ ತಾಯಿ ಮಗ ಇಬ್ಬರೂ ಏನೋ ಗುಟ್ಟು ಇರುವಂತೆ ನಗುತ್ತಿದ್ದದ್ದು ನೆನಪಿತ್ತು. ಒಂದು ವಸಂತದಲ್ಲಿ ಹಿಟ್ಟಿನ ಮೂಟೆ ಎಲ್ಲಿಂದ ಬಂತು ಎಂದು ಅವನು ಕೇಳಿದ್ದ. ಮೀನು ಚೆನ್ನಾಗಿ ಹೋಯಿತು ಎಂದು ಅವಳು ಹೇಳಿದ್ದಳು. ಅವನು ನಂಬಿದ್ದ.

ಟಿವಿಯ ಹಿಂದಿನಿಂದ ಹೊರಬಂದ ಕುಬಾನ್, ಅತಾ ಈಗ ತಡೆಯುತ್ತಾರೆಯೋ ಎಂಬಂತೆ ಅವನ ಮುಖ ನೋಡಿದ. ಅದೇ ಹೊತ್ತಿಗೆ ಗೇಟಿನ ಸದ್ದಾಯಿತು. ಹೋದವನ ಹೆಸರಲ್ಲಿ ಮಾಡುವ ಗುರುವಾರದ ಓದಿಗೆ ಇಮಾಮ್ ಇಲಿಯಾಸ್ ಬಂದಿದ್ದ.

ಮುಕಾಶ್ ಎದ್ದು ಹೊರಗೆ ಹೋಗಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ. ಗಾಳಿಗೆ ಇಮಾಮನ ಕೋಟು ಪಟಪಟ ಎನ್ನುತ್ತಿತ್ತು. ಕಿಟಕಿಯಿಂದ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು. ಸಲಾಮು ಮುಗಿದ ಮೇಲೆ ಇಮಾಮ್ ಕಿಟಕಿಯ ಕಡೆ ನೋಡುತ್ತ ನಿಂತ.

"ಇಲಿಯಾಸ್, ಮಗಾ," ಎಂದ ಮುಕಾಶ್. "ನೀನು ಓದಿದವನು. ಒಂದು ಮಾತು ಕೇಳ್ತೀನಿ."

"ಕೇಳಿ, ಅತಾ."

"ಒಬ್ಬ ಒಡೆಯ ತನ್ನ ಕುದುರೆಮರಿನ ನಮ್ಮ ಹತ್ತಿರ ಬಿಟ್ಟಿದ್ದ. ಬಂದು ಕೇಳಿದ. ನಾವು ಹಗ್ಗ ಬಿಟ್ವಿ. ಎಳೆದು ಹಿಡ್ಕೊಳ್ಳಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಈಗ ತಾಯಿ ಕುದುರೆ ಬೇಲಿ ಹತ್ತಿರ ನಿಂತು, ಮರಿ ಹೋದ ದಿಕ್ಕು ನೋಡಿ ಕೆನೆಯುತ್ತಿದೆ. ಅದು ಒಡೆಯನ ಮೇಲೆ ಹೇಳೋ ದೂರೋ? ನೀನೇ ಹೇಳು."

ಇಮಾಮ್ ಮೊದಲು ಮುಕಾಶನ ಮುಖ ನೋಡಿದ. ಆಮೇಲೆ ಗೋಡೆ ನೋಡಿದ. ಒಳಗೆ ಹಾಡಿನಲ್ಲಿ ಹುಡುಗ ಶಾಲೆ ಮುಗಿಸಿ, ಮೊದಲ ಸಲ ಲಾರಿಯ ಸ್ಟಿಯರಿಂಗ್ ಹಿಡಿದಿದ್ದ; ಬಾಗಿಲ ಮುಂದೆ ಲಾರಿ ನಿಲ್ಲಿಸಿ ತಾಯಿಗೆ ಹಾರ್ನ್ ಹೊಡೆದಿದ್ದ.

"ದೂರಲ್ಲ, ಅತಾ," ಎಂದ ಇಮಾಮ್. ಬಾಗಿಲ ಬಳಿಯ ಮರದ ಬೆಂಚಿನ ಮೇಲೆ ಕುಳಿತು, ಟೊಪ್ಪಿ ಹಾರದಂತೆ ಕೈ ಇಟ್ಟುಕೊಂಡ. "ಪೈಗಂಬರರೂ ತಮ್ಮ ಕೂಸನ್ನ ಮಣ್ಣಿಗಿಟ್ಟಾಗ ಕಣ್ಣೀರು ಹಾಕಿದ್ರು. ಆವತ್ತೇ ನಾನು ಅದನ್ನೂ ಹೇಳಬೇಕಿತ್ತು. ಒಂದು ಕಡೆಯದನ್ನ ಮಾತ್ರ ಹೇಳಿದೆ."

"ನಾನೂ ಅಷ್ಟನ್ನೇ ಕೇಳಿಸ್ಕೊಂಡೆ."

ಮುಕಾಶ್ ಅವನ ಪಕ್ಕದಲ್ಲಿ ಕುಳಿತ. ಇಬ್ಬರೂ ಗಾಳಿಗೆ ಮುಖ ಕೊಟ್ಟು, ಒಳಗಿನ ಹಾಡು ಘಟ್ಟ ಹತ್ತಿ, ಮಂಜು ದಾಟಿ, ತಾನಾಗಿ ಬೀದಿಗೆ ಇಳಿದು ಬರುವ ತನಕ ಕಾದರು. ನಡುವೆ ಬೀದಿಯ ಮುದುಕ ಸಗಿನ್ ಗೇಟಿನ ಹೊರಗೆ ಹಾದುಹೋಗುತ್ತ ನಿಂತ. ಕೋಲು ಊರಿ, ತಲೆ ತಗ್ಗಿಸಿ, ಕೇಳಿ, ಮುಂದೆ ಹೋದ. ಮುಕಾಶನ ಗಡ್ಡ ಒದ್ದೆಯಾಗಿತ್ತು. ಗಾಳಿಗೆ ಎಂದು ಯಾರೂ ಹೇಳಲಿಲ್ಲ, ಅವನೂ ಒರೆಸಿಕೊಳ್ಳಲಿಲ್ಲ.

ಒಳಗೆ ಹೋದಾಗ ಸಾದತ್ ಮುಖ ತೊಳೆದುಕೊಂಡು ಬಂದಿದ್ದಳು. ಕಣ್ಣು ಊದಿತ್ತು, ದನಿ ಒಡೆದಿತ್ತು. ಬುರುಲ್ ಮೂಗು ಒರೆಸಿಕೊಳ್ಳುತ್ತ ಬೋರ್ಸೋಕನ್ನು ಬಟ್ಟೆಯ ಮೇಲೆ ಹರಡುತ್ತಿದ್ದಳು. "ಒಂದು ಬಾಣಲೆ ಸೀದುಹೋಯ್ತು," ಎಂದಳು. "ಅದನ್ನ ಭಾವನ ಮುಂದೆ ಇಡ್ತೀನಿ."

"ಬೈಬಿಚೆ," ಎಂದ ಮುಕಾಶ್, "ಆ ಪೆಟ್ಟಿಗೆ ನಿಂದು. ಅವನು ನಿಂಗೇ ತಂದದ್ದು. ದಾನಕ್ಕೆ ಬೇಡ, ಮನೇಲಿ ಇರಲಿ."

ಸಾದತ್ ತಂತಿಯನ್ನು ಸುತ್ತಿ, ಜಾಯ್‌ಸ್ಟಿಕ್ಕುಗಳನ್ನು ಜೋಡಿಸಿ ಪೆಟ್ಟಿಗೆಯಲ್ಲಿಟ್ಟು, ನಜ್ಜಾದ ಮೂಲೆಯನ್ನು ಬೆರಳಿನಿಂದ ಒಳಗಿನಿಂದ ಒತ್ತಿ ಸರಿಮಾಡುತ್ತಿದ್ದಳು.

"ಮನೇಲಿ ಯಾರು ಆಡ್ತಾರೆ? ನೀನಾ? ನಿನ್ನ ಮನೆ ನೀನೇ ಒಡ್ಕೋತೀಯ, ಮುದುಕಾ," ಎಂದಳು. "ಆ ಮಕ್ಕಳಿಗೆ ಕೊಡು. ಪೆಟ್ಟಿಗೆ ಸರಿಯಾಗಿದೆ. ಕೊಡೋವಾಗ ಹೇಳು, ಹಳದಿನ ಹಸಿರಿಗೆ ಹಾಕಬೇಕು, ಬೆರಳಲ್ಲಿ ಸ್ವಲ್ಪ ಒತ್ತಿ ಹಿಡಿಬೇಕು ಅಂತ. ಇಲ್ದಿದ್ರೆ ಕೆಟ್ಟಿದೆ ಅಂತ ಎಸೀತಾರೆ."

"ಹೇಳ್ತೀನಿ."

"ಮತ್ತೆ ಇಬ್ಬಿಬ್ಬರು ಕೂತು ಆಡಲಿ. ಒಬ್ಬೊಬ್ಬರೇ ಬೇಡ."

"ಅದನ್ನೂ ಹೇಳ್ತೀನಿ, ಬೈಬಿಚೆ."

ಕರೆಂಟು ಇನ್ನೂ ಬಂದಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಎಲ್ಲರೂ ಬಟ್ಟೆಯ ಸುತ್ತ ಕುಳಿತರು. ಇಮಾಮ್ ಮೆಲ್ಲಗೆ ಓದಿದ. ಓದಿ ಮುಗಿಸಿ, ಕೊನೆಯ ಬೇಡಿಕೆಯನ್ನು ನೀವೇ ಮಾಡಿ ಎಂದು ಮುಕಾಶನ ಕಡೆ ನೋಡಿದ. ಮುಕಾಶ್ ಎರಡು ಕೈ ಬಿಚ್ಚಿ ಹಿಡಿದ. ಪಕ್ಕದಲ್ಲಿ ಸಾದತಳ ಕೈಗಳೂ ಬಿಚ್ಚಿದವು. ಹೆಬ್ಬೆರಳಿನ ಸಂದಿನಲ್ಲಿ ಹಿಟ್ಟು ಇನ್ನೂ ಅಂಟಿತ್ತು.

"ಒಡೆಯನೇ, ನಿನ್ನ ಕುದುರೆಮರಿಯನ್ನು ನಿನಗೆ ಒಪ್ಪಿಸಿದ್ದೇವೆ. ನಮ್ಮ ಹತ್ತಿರ ಇದ್ದಷ್ಟು ದಿನ ಅವನು ಯಾರನ್ನೂ ನೋಯಿಸಲಿಲ್ಲ. ಹಸಿದ ದಿನ ಮೊದಲ ತುತ್ತನ್ನು ತಾಯಿಗೆ ಕೊಟ್ಟ. ಅದನ್ನು ನೀನು ನೋಡಿದ್ದೀಯೆ, ನಾನು ಇವತ್ತು ಕೇಳಿದೆ. ಘಟ್ಟದಲ್ಲಿ ಅವನು ಒಬ್ಬನೇ ಇದ್ದ. ಅಲ್ಲಿ ನೀನು ಒಬ್ಬನನ್ನೇ ಬಿಡಬೇಡ. ಅವನ ತಾಯಿಯ ದನಿ ಅವನಿಗೆ ಮುಟ್ಟಲಿ, ಹಿಂಸೆಯಾಗಿ ಅಲ್ಲ, ಹೊದಿಕೆಯಾಗಿ ಮುಟ್ಟಲಿ. ಅವನ ಮೇಲಿನ ಮಣ್ಣು ರೇಷ್ಮೆಯಾಗಲಿ. ಮಲಗಿದ ಜಾಗ ಬೆಚ್ಚಗಿರಲಿ, ಅಲ್ಲಿಯ ಬೆಳಕು ಎಂದೂ ಆರದಿರಲಿ. ನಮ್ಮ ಎರ್ಮೆಕನಿಗೆ ಶಾಂತಿ ಕೊಡು. ಆಮೀನ್."